ಓಪಲ್ ಫ್ರೇಲಿಯ ಸಹಿ

ಮರ್ಲ್ ಟೀಗಾರ್ಡನ್ ಓಹಾಯೊದ ಪ್ಲಮ್ ರನ್ ಎಂಬ ಊರಿನ ನಾಲ್ಕನೇ ರೂಟಿನಲ್ಲಿ ಮೂವತ್ತಮೂರು ವರ್ಷ ಟಪಾಲು ಹಂಚಿದವನು. ಜೋಳ ಮತ್ತು ಸೋಯಾ ಹೊಲಗಳ ಅಂಚಿನಲ್ಲಿ ಕಂಬದ ಮೇಲೆ ಕೂತ ನಾನೂರ ಹನ್ನೆರಡು ಡಬ್ಬಿಗಳಲ್ಲಿ ಯಾವುದರ ಮುಚ್ಚಳ ಸಿಕ್ಕಿಕೊಳ್ಳುತ್ತದೆ, ಯಾವುದರೊಳಗೆ ಕಣಜ ಗೂಡು ಕಟ್ಟುತ್ತದೆ, ಯಾರ ಮನೆಗೆ ಕೋರ್ಟಿನ ಲಕೋಟೆ ಬರುತ್ತದೆ, ಯಾರ ಮನೆಗೆ ಮಗಳ ಕಾಗದ ಬರುವುದು ನಿಂತುಹೋಗಿದೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಒಂದನ್ನೂ ಯಾರ ಮುಂದೂ ಆಡಿದವನಲ್ಲ. ಆದರೆ ಊರಿನವರ ಲಕೋಟೆಗಳನ್ನು ಅಷ್ಟು ವರ್ಷ ಹೊರಗಿನಿಂದಲೇ ನೋಡಿ ನೋಡಿ ಅವನಿಗೊಂದು ಸ್ವಭಾವ ಅಂಟಿಕೊಂಡಿತ್ತು. ಮುಚ್ಚಿದ್ದು ಏನು ಕಂಡರೂ ಅದರೊಳಗೆ ಏನೋ ಇದೆ ಎಂಬ ಗುಮಾನಿ.

ನಿವೃತ್ತಿಯಾದ ಮೇಲೆ ಆ ಗುಮಾನಿಗೆ ಬೇಕಾದಷ್ಟು ಪುರುಸೊತ್ತು ಸಿಕ್ಕಿತು. ಔಷಧಿ ಅಂಗಡಿಯವಳು ಹುಟ್ಟಿದ ತಾರೀಕು ಕೇಳಿದರೆ, ಕೇಕ್ ತಂದುಕೊಡುತ್ತೀಯಾ ಎಂದು ತಿರುಗಿ ಕೇಳುತ್ತಿದ್ದ. ದಿನಸಿ ಅಂಗಡಿಯಲ್ಲಿ ಗಿರಾಕಿಗಳೇ ಸಾಮಾನು ತೋರಿಸಿ ಬಿಲ್ಲು ಮಾಡಿಕೊಳ್ಳುವ ಯಂತ್ರ ಬಂದಾಗ, ತಾನು ಇಲ್ಲಿ ಕೆಲಸಕ್ಕೆ ಸೇರಿಲ್ಲವೆಂದು ಹೇಳಿ, ಮನುಷ್ಯರು ಕೂತಿದ್ದ ಒಂದೇ ಒಂದು ಕೌಂಟರಿನ ಮುಂದೆ ಇಪ್ಪತ್ತು ನಿಮಿಷ ನಿಂತ. ವೈದ್ಯರ ಅರ್ಜಿಯಲ್ಲಿ, ಮನೆಯಲ್ಲಿ ಬಂದೂಕು ಇದೆಯೇ ಎಂಬ ಪ್ರಶ್ನೆಯ ಪಕ್ಕ, ಮಂಡಿ ನೋವಿಗೂ ಅದಕ್ಕೂ ಏನು ಸಂಬಂಧ ಎಂದು ಬರೆದುಕೊಟ್ಟ. ಫೋನು ಕೇಳಿಸಿಕೊಳ್ಳುತ್ತದೆ ಎಂದು ಅದನ್ನು ಅಡುಗೆಮನೆಯ ಬ್ರೆಡ್ಡಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕುತ್ತಿದ್ದ. ಅದು ಬಡಿದುಕೊಂಡರೆ ಹೆಂಡತಿ ನಡೀನ್ ತೆಗೆದು ಮಾತಾಡಬೇಕು.

ರಾಜಕೀಯದಲ್ಲಿ ಅವನು ಹುಟ್ಟಾ ರಿಪಬ್ಲಿಕನ್. ಹಾಗೆಂದು ಆ ಪಕ್ಷದವರನ್ನು ನಂಬುತ್ತಿದ್ದನೆಂದಲ್ಲ. ವಾಷಿಂಗ್ಟನ್ನಿಗೆ ಹೋದವರು ಯಾರೇ ಆಗಲಿ, ಆರು ತಿಂಗಳಲ್ಲಿ ಒಬ್ಬನೇ ದರ್ಜಿಯ ಹತ್ತಿರ ಸೂಟು ಹೊಲಿಸುತ್ತಾರೆ ಎನ್ನುತ್ತಿದ್ದ. ಟೀವಿಯಲ್ಲಿ ತನ್ನ ಕಡೆಯವರು ಕೂಗಿದರೆ ಧ್ವನಿ ಕಡಿಮೆ ಮಾಡುತ್ತಿದ್ದ, ಆ ಕಡೆಯವರು ಕೂಗಿದರೆ ಆರಿಸಿಯೇ ಬಿಡುತ್ತಿದ್ದ. ಅವನು ನಂಬಿದ್ದು ಕೆಲವೇ ಸಂಗತಿಗಳನ್ನು. ಊರಿನ ಕೆಲಸ ಊರಿನವರೇ ಮಾಡಿಕೊಳ್ಳಬೇಕು. ಯಾರ ಜೇಬಿನಿಂದ ಹೋಗುತ್ತದೋ ಅವರನ್ನು ಮೊದಲು ಕೇಳಬೇಕು. ಪುಕ್ಕಟೆ ಎಂದು ಯಾರಾದರೂ ಅಂದರೆ, ಕೊಡುವವರು ಯಾರು ಎಂದು ವಿಚಾರಿಸಬೇಕು. ಮನೆ ಸುಟ್ಟುಹೋದವರಿಗೆ ಚರ್ಚಿನ ಹೆಂಗಸರು ಎರಡು ದಿನದಲ್ಲಿ ಮಾಡುವ ಉಪಕಾರವನ್ನು ಒಂದು ಇಲಾಖೆ ಎರಡು ವರ್ಷದಲ್ಲಿ ಮಾಡಲಾರದು. ಇದನ್ನೆಲ್ಲ ತಿಂಗಳಿಗೊಮ್ಮೆ ಊರಿನ ವಾರಪತ್ರಿಕೆಗೆ ಕಾಗದ ಬರೆಯುತ್ತಿದ್ದ. ಚೆನ್ನಾಗಿಯೇ ಬರೆಯುತ್ತಿದ್ದ. ಒಪ್ಪದವರೂ ಮೊದಲು ತಿರುವುತ್ತಿದ್ದುದು ಆ ಪುಟವನ್ನೇ.

ಬೆಳಿಗ್ಗೆ ಆರೂವರೆಗೆ ಧಾನ್ಯದ ಗೋದಾಮಿನ ಎದುರಿನ ಲೂಯೆಲ್ಲಾಳ ಹೋಟೆಲಿನಲ್ಲಿ ಕಿಟಕಿ ಪಕ್ಕದ ಮೇಜಿನ ಸುತ್ತ ಆರು ಜನ ಸೇರುತ್ತಿದ್ದರು. ಮರ್ಲ್‌ನ ಎದುರು ಕುರ್ಚಿ ಗಾರ್ಲಂಡ್ ಫ್ರೇಲಿಯದು. ಇಬ್ಬರೂ ಒಂದನೇ ಕ್ಲಾಸಿನಿಂದ ಜೊತೆ. ಗಾರ್ಲಂಡ್ ಒಂಬೈನೂರು ಎಕರೆ ಮಾಡುವ ರೈತ, ದಪ್ಪ ಆಳು, ನಕ್ಕರೆ ಮೇಜು ಅಲುಗುತ್ತಿತ್ತು. ಮರ್ಲ್‌ನನ್ನು ಕೆಣಕುವುದು ಅವನಿಗೆ ಮೊಟ್ಟೆಯ ಜೊತೆ ನೆಂಚಿಕೊಳ್ಳುವ ಉಪ್ಪಿನಂತೆ.

"ಸರ್ಕಾರದ ಪಿಂಚಣೀಲಿ ಕಾಫಿ ಕುಡೀತಾ ಸರ್ಕಾರಾನೇ ಬಯ್ತೀಯಲ್ಲೋ ಮರ್ಲ್, ನಾಲಿಗೆ ಸುಡಲ್ವಾ?"

"ಒಳಗಿದ್ದು ನೋಡಿ ಬಂದೋನು ನಾನು. ಅದಿರ್ಲಿ, ನಿನ್ನ ಸೋಯಾಗೆ ಪ್ರತಿ ವರ್ಷ ಸಬ್ಸಿಡಿ ಬರತ್ತಲ್ಲ, ಅದನ್ನ ನಿಮ್ಮ ಮಾವ ಕಳಿಸ್ತಾನಾ?"

ಈ ಜಗಳ ಇಪ್ಪತ್ತು ವರ್ಷದಿಂದ ಇದೇ ಮಾತುಗಳಲ್ಲಿ ನಡೆಯುತ್ತಿತ್ತು, ಕೇಳುವವರಿಗೆ ಬೇಸರವಾಗಿರಲಿಲ್ಲ.

ಆ ವರ್ಷದ ವಸಂತದಲ್ಲಿ ಶಾಲಾ ಮಂಡಳಿಯವರು ಹೊಸ ಕಟ್ಟಡಕ್ಕೆಂದು ಆಸ್ತಿ ತೆರಿಗೆ ಏರಿಸುವ ಪ್ರಸ್ತಾಪ ತಂದರು. ಮೇ ತಿಂಗಳಲ್ಲಿ ಊರಿನವರು ಹೌದು ಅಥವಾ ಇಲ್ಲ ಎಂದು ಮತ ಹಾಕಬೇಕು. ಮರ್ಲ್ ಮಂಡಳಿಯ ಸಭೆಗೆ ಹೋಗಿ, ಕೊಟ್ಟ ಮೂರು ನಿಮಿಷದಲ್ಲಿ ಎರಡೇ ನಿಮಿಷ ಬಳಸಿ, ಮಕ್ಕಳ ಸಂಖ್ಯೆ ಅರ್ಧಕ್ಕೆ ಇಳಿದಿರುವಾಗ ಕಟ್ಟಡ ಏಕೆ ದೊಡ್ಡದಾಗಬೇಕು ಎಂದು ಕೇಳಿದ. ಚಾವಣಿ ಸೋರುತ್ತದೆ ಎಂದರು. ಚಾವಣಿ ಸೋರಿದರೆ ಚಾವಣಿ ಹಾಕಿಸುವುದು ಎಂದ. ಗಾರ್ಲಂಡ್ ತನ್ನ ಷೆಡ್ಡಿನಲ್ಲಿ ಹಲಗೆ ಕೊಯ್ದು ನಲವತ್ತು ಫಲಕ ಮಾಡಿದ, ಕುಂಚ ಹಿಡಿದು ತಾನೇ ಬರೆದ: ನಮ್ಮ ಹೊಲಗಳಿಗೆ ನ್ಯಾಯ ಕೊಡಿ, ತೆರಿಗೆ ಬೇಡ ಎನ್ನಿ. ಇಬ್ಬರೂ ಪಿಕಪ್ಪಿನಲ್ಲಿ ಹೋಗಿ ರಸ್ತೆಯುದ್ದಕ್ಕೂ ನೆಟ್ಟು ಬಂದರು. ಮೂರು ವಾರ ಮರ್ಲ್ ಎಲ್ಲಿ ಹೋದರೂ ಆ ಫಲಕಗಳೇ.

ಪ್ರಸ್ತಾಪ ಹನ್ನೊಂದು ಮತಗಳಿಂದ ಗೆದ್ದಿತು.

ನೂರರಿಂದ ಸೋತಿದ್ದರೆ ಮರ್ಲ್ ಸುಮ್ಮನಾಗುತ್ತಿದ್ದ. ಎರಡು ಸಾವಿರಕ್ಕೂ ಮೇಲ್ಪಟ್ಟ ಮತಗಳಲ್ಲಿ ಹನ್ನೊಂದು ಎಂದರೆ ಯಾರೋ ಲೆಕ್ಕ ಹಾಕಿ ಇಟ್ಟ ಹಾಗಿದೆ ಎಂದು ಅವನಿಗೆ ತೋರಿತು. ಹನ್ನೊಂದು ಎಂದರೆ ಬರೀ ಹನ್ನೊಂದು ಎಂದು ನಡೀನ್ ಹೇಳಿ ನೋಡಿದಳು. ಅವನು ಕೌಂಟಿಯ ಚುನಾವಣಾ ಕಚೇರಿಗೆ ಹೋಗಿ ಮತದಾರರ ಪಟ್ಟಿ ಕೇಳಿದ.

ಅಲ್ಲಿನ ಮುಖ್ಯಸ್ಥೆ ಕೆಂಡ್ರಾ ವಾಲ್ಟ್ಸ್, ಮೂವತ್ತು ದಾಟಿದ ಹೆಂಗಸು, ರಾಜ್ಯದ ರಾಜಧಾನಿಯಿಂದ ಬಂದವಳು. ಮೂಗಿನಲ್ಲೊಂದು ಸಣ್ಣ ಹರಳು, ಹೊರಗೆ ಕರೆಂಟಿನ ಕಾರು. ಅವಳು ಎದುರು ಪಕ್ಷದವಳೆಂದು ತೀರ್ಮಾನಿಸಲು ಮರ್ಲ್‌ಗೆ ಇಷ್ಟು ಸಾಕಾಗಿತ್ತು. ಅವಳು ಪಟ್ಟಿ ಕೊಡಲು ಸತಾಯಿಸುತ್ತಾಳೆ, ತಾನು ಕಾನೂನು ತೋರಿಸಬೇಕಾಗುತ್ತದೆ ಎಂದುಕೊಂಡು ಕಾನೂನಿನ ಪ್ರತಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋಗಿದ್ದ. ಅವಳು ಹತ್ತು ನಿಮಿಷದಲ್ಲಿ ಮುದ್ರಿಸಿ ಕೈಗಿಟ್ಟಳು. ಮೇ ತಿಂಗಳಲ್ಲಿ ಯಾರು ಮತ ಹಾಕಿದ್ದಾರೆ ಎಂಬ ಗುರುತು ಕೂಡ ಹೆಸರುಗಳ ಪಕ್ಕದಲ್ಲಿತ್ತು. ಇಷ್ಟು ಸುಲಭವಾಗಿ ಕೊಟ್ಟಳೆಂದರೆ ಇದರಲ್ಲೇನೋ ಇದೆ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಮನೆಗೆ ಬಂದ.

ಒಂದು ವಾರ ಅಡುಗೆಮನೆಯ ಮೇಜಿನ ಮೇಲೆ ಪಟ್ಟಿ ಹರಡಿಕೊಂಡು ಕೂತ. ಕಣ್ಣು ಮುಚ್ಚಿ ಹಳೆಯ ರೂಟಿನಲ್ಲಿ ಜೀಪು ಓಡಿಸಿದ, ಒಂದೊಂದು ಡಬ್ಬಿಯ ಮುಂದೆಯೂ ನಿಲ್ಲಿಸಿದ. ಈ ಮನೆಯವರು ಫ್ಲಾರಿಡಾಗೆ ಹೋದರು. ಇವನು ಸತ್ತ ವರ್ಷ ಸೇತುವೆ ಕೊಚ್ಚಿಹೋಗಿತ್ತು. ಇವಳು ಮದುವೆಯಾಗಿ ಕೆಂಟಕಿ ಸೇರಿದಳು, ಆಮೇಲೆ ಗಂಡನನ್ನು ಬಿಟ್ಟಳು, ಆದರೂ ಹಿಂದಿರುಗಲಿಲ್ಲ. ಹೀಗೆ ಗುರುತು ಹಾಕುತ್ತ ಹೋಗಿ ಮೂವತ್ತೆಂಟು ಹೆಸರುಗಳ ಮೇಲೆ ಆಕ್ಷೇಪಣೆ ಬರೆದು ಕಚೇರಿಗೆ ಕೊಟ್ಟ. ಊರಿನಲ್ಲಿ ಸುದ್ದಿಯಾಯಿತು. ಲೂಯೆಲ್ಲಾಳ ಹೋಟೆಲಿನಲ್ಲಿ ಅವನ ಬೆನ್ನು ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಗಾರ್ಲಂಡ್.

ಜೂನ್ ತಿಂಗಳ ವಿಚಾರಣೆಯಲ್ಲಿ ಎರಡೂ ಪಕ್ಷಗಳಿಂದ ಇಬ್ಬಿಬ್ಬರಂತೆ ನಾಲ್ವರು ಸದಸ್ಯರು ಕೂತಿದ್ದರು. ಮೂವತ್ತೊಂದು ಹೆಸರುಗಳ ವಿಷಯದಲ್ಲಿ ಮರ್ಲ್ ಹೇಳಿದ್ದು ಸರಿ, ಅವರು ಸತ್ತಿದ್ದರು ಇಲ್ಲವೇ ಊರು ಬಿಟ್ಟಿದ್ದರು. ಆ ಹೆಸರುಗಳನ್ನು ತೆಗೆಯಲು ಗೊತ್ತುವಳಿ ಮಾಡಿದರು. ಆದರೆ ಅವರಲ್ಲಿ ಒಬ್ಬರೂ ಮೇ ತಿಂಗಳಲ್ಲಿ ಮತ ಹಾಕಿರಲಿಲ್ಲ. ಕೆಲವರು ಹತ್ತು ವರ್ಷದಿಂದ ಹಾಕಿರಲಿಲ್ಲ. ಸತ್ತವರು ಸತ್ತವರ ಹಾಗೇ ಇದ್ದರು. ಇನ್ನೈದು ಹೆಸರುಗಳಲ್ಲಿ ಮರ್ಲ್ ತಂದೆಯನ್ನು ಮಗನೆಂದು, ಅತ್ತೆಯನ್ನು ಸೊಸೆಯೆಂದು ತಿಳಿದಿದ್ದ.

ಉಳಿದದ್ದು ಎರಡು. ಒಂದು ಕ್ಲೀಟ್ ರಾನ್ಸ್‌ಬಾಟಮ್ ಎಂಬ ಲಾರಿ ಚಾಲಕನದು. ಅವನ ವಿಳಾಸದಲ್ಲಿ ಮನೆಯೇ ಇಲ್ಲ, ತಾಯಿ ಸತ್ತ ಮೇಲೆ ಕೆಡವಿ ಹಾಕಿದ್ದಾರೆ, ಬರೀ ಟಪಾಲು ಡಬ್ಬಿ ನಿಂತಿದೆ ಎಂಬುದು ಮರ್ಲ್‌ನ ದೊಡ್ಡ ಸಾಕ್ಷ್ಯ. ಮೂರನೇ ದಿನ ಚಿಕಾಗೋಗೆ ಸರಕು ತಲುಪಿಸಬೇಕಾಗಿದ್ದ ಕ್ಲೀಟ್ ಲಾರಿಯನ್ನು ಕಚೇರಿಯ ಹೊರಗೆ ನಿಲ್ಲಿಸಿ ಬಂದಿದ್ದ.

"ತಿಂಗಳಲ್ಲಿ ನಾಲ್ಕು ದಿನ ಆ ಜಾಗದಲ್ಲಿ ಲಾರಿ ನಿಲ್ಲಿಸಿ ಮಲಗ್ತೀನಿ. ತೆರಿಗೆ ಅಲ್ಲಿಗೇ ಕಟ್ತೀನಿ. ಅಮ್ಮ ನೆಟ್ಟ ಪಿಯರ್ ಮರ ಅಲ್ಲಿದೆ. ಅದು ಮನೆ ಅಲ್ಲ ಅಂದ್ರೆ ನನ್ನ ಮನೆ ಯಾವ್ದು, ಟೀಗಾರ್ಡನ್, ನೀನೇ ಹೇಳು," ಎಂದ. ಕೂರುವ ಮೊದಲು ಇನ್ನೊಂದು ಸೇರಿಸಿದ: "ಅಂದ್ಹಾಗೆ, ನಾನೂ ಬೇಡ ಅಂತಾನೇ ಹಾಕಿದ್ದು."

ಎಲ್ಲರೂ ನಕ್ಕರು. ಮರ್ಲ್ ನಗಲಿಲ್ಲ. ಕ್ಲೀಟ್‌ನ ಹೆಸರು ಪಟ್ಟಿಯಲ್ಲಿ ಉಳಿಯಿತು.

ಕೊನೆಯದು ಓಪಲ್ ಫ್ರೇಲಿ, ಗಾರ್ಲಂಡ್‌ನ ತಾಯಿ, ಎಂಬತ್ತೊಂಬತ್ತು ವರ್ಷ. ಎರಡು ವರ್ಷದಿಂದ ಪಕ್ಕದ ಕೌಂಟಿಯ ವೃದ್ಧರ ಆರೈಕೆ ಮನೆಯಲ್ಲಿದ್ದಳು. ಅವಳ ಹೆಸರನ್ನು ಮರ್ಲ್ ಹಟಕ್ಕೆ ಬರೆದದ್ದಲ್ಲ. ಊರು ಬಿಟ್ಟವರನ್ನೆಲ್ಲ ಬರೆಯುವಾಗ ಗೆಳೆಯನ ತಾಯಿಯೆಂದು ಒಂದು ಹೆಸರು ಬಿಟ್ಟರೆ ತಪ್ಪಾಗುತ್ತದೆಂದು ಬರೆದಿದ್ದ. ಗಾರ್ಲಂಡ್‌ಗೆ ಹೇಳಿಯೂ ಇದ್ದ. ಅವನು ಆಗಲಿ ಬಿಡು ಎಂದಿದ್ದ, ಅಷ್ಟೇ. ಆರೈಕೆಗೆಂದು ಹೋದವರ ವಿಳಾಸ ಬದಲಾಗುವುದಿಲ್ಲ, ಮನಸ್ಸು ಮಾಡಿದರೆ ಹಿಂದಿರುಗಬಹುದಲ್ಲ ಎಂದು ಕೆಂಡ್ರಾ ವಿವರಿಸಿದಳು. ಆಮೇಲೆ ಕಾಗದ ನೋಡಿಕೊಂಡು, ಅವರು ಮೇ ತಿಂಗಳಲ್ಲಿ ಅಂಚೆಯ ಮೂಲಕ ಮತವನ್ನೂ ಹಾಕಿದ್ದಾರೆ ಎಂದಳು.

ಮರ್ಲ್ ತನ್ನ ಪಟ್ಟಿ ಬಿಡಿಸಿ ಓಪಲಳ ಹೆಸರು ಹುಡುಕಿದ. ಮಾರ್ಚ್ ತಿಂಗಳಲ್ಲಿ ಅವನೂ ನಡೀನಳೂ ಸೇಬಿನ ಪೈ ತೆಗೆದುಕೊಂಡು ಓಪಲಳನ್ನು ನೋಡಲು ಹೋಗಿದ್ದರು. ಅವಳು ಮರ್ಲ್‌ನನ್ನು ತೀರಿಹೋದ ಗಂಡನ ಹೆಸರಿನಿಂದ ಕರೆದು, ಕೋಳಿಗೂಡಿನ ಬಾಗಿಲು ಹಾಕಿದೆಯಾ ಎಂದು ನಾಲ್ಕು ಸಲ ಕೇಳಿದ್ದಳು. ಚಮಚ ಹಿಡಿಯಲು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆ ಕೈ ಮತಪತ್ರ ಹೇಗೆ ಹಿಡಿಯಿತು?

ಪಟ್ಟಿಯಲ್ಲಿ ಆ ಗುರುತು ಅವನ ಕಣ್ಣೆದುರಿಗೇ ಇತ್ತು. ಕ್ಲೀಟ್‌ನದನ್ನು ಭೂತಗನ್ನಡಿ ಇಟ್ಟು ನೋಡಿದವನು ಓಪಲಳದನ್ನು ನೋಡಿರಲಿಲ್ಲ.

ಆಗಲೂ ಅವನ ಅನುಮಾನ ಹೋದದ್ದು ಆರೈಕೆ ಮನೆಯ ಕಡೆಗೆ. ಅಲ್ಲಿನ ದಾದಿಯರು ಕಾರ್ಮಿಕ ಸಂಘದವರು, ಸಂಘದವರೆಲ್ಲ ಎದುರು ಪಕ್ಷದವರು, ಬುದ್ಧಿ ಮಸುಕಾದ ಮುದುಕಿಯರ ಹೆಸರಿನಲ್ಲಿ ಒಬ್ಬರೇ ಕೂತು ಇಪ್ಪತ್ತು ಮತ ಹಾಕಿರಬಹುದು ಎಂದು ಅವನ ತಲೆಯಲ್ಲಿ ಆಗಲೇ ಪತ್ರಿಕೆಗೆ ಕಾಗದ ತಯಾರಾಗುತ್ತಿತ್ತು. ವಿಚಾರಣೆ ಮುಗಿದ ಮೇಲೆ ಕೆಂಡ್ರಾಳ ಮೇಜಿನ ಹತ್ತಿರ ಹೋಗಿ ಆ ಲಕೋಟೆ ನೋಡಬೇಕು ಎಂದ. ಮತ ಗುಟ್ಟಿನದು, ಆದರೆ ಸಹಿ ಇರುವ ಹೊರ ಲಕೋಟೆ ಸಾರ್ವಜನಿಕ ದಾಖಲೆ, ನೋಡಬಹುದು, ಮುಟ್ಟುವಾಗ ನಾನು ಪಕ್ಕದಲ್ಲಿರುತ್ತೇನೆ ಎಂದು ಅವಳು ಹೇಳಿದಳು. ಒಳಗೆ ಹೋಗಿ ತಂದು ಮುಂದಿಟ್ಟಳು.

ಮರ್ಲ್ ಕನ್ನಡಕ ಸರಿಮಾಡಿಕೊಂಡ. ಓಪಲಳ ಕೈಬರಹ ಅವನಿಗೆ ಗೊತ್ತಿತ್ತು. ಅವಳು ಎಡಗೈಯವಳು, ಅಕ್ಷರಗಳೆಲ್ಲ ಗಾಳಿಗೆ ಬೆನ್ನು ಕೊಟ್ಟ ಹಾಗೆ ಹಿಂದಕ್ಕೆ ವಾಲುತ್ತಿದ್ದವು. ಡಬ್ಬಿಯಲ್ಲಿ ಮೊಟ್ಟೆ ಇಟ್ಟಿದ್ದೇನೆ, ಸಂಕೋಚ ಬೇಡ ಎಂದು ಎಷ್ಟು ಚೀಟಿ ಬರೆದಿಟ್ಟಿದ್ದಳೋ. ಲಕೋಟೆಯ ಮೇಲಿನ ಅಕ್ಷರಗಳು ಮುಂದಕ್ಕೆ ನುಗ್ಗುತ್ತಿದ್ದವು. ಅದೇನೂ ಅವನಿಗೆ ಅಚ್ಚರಿಯಾಗಲಿಲ್ಲ, ಅವನು ನಿರೀಕ್ಷಿಸಿದ್ದೇ ಅದು. ಆದರೆ ಫ್ರೇಲಿ ಎಂಬ ಹೆಸರಿನ ಮೊದಲಕ್ಷರವಾದ ಇಂಗ್ಲಿಷಿನ ಎಫ್‌ಗೆ ತಲೆಯ ಮೇಲೊಂದು ಕೊಕ್ಕೆ ಇತ್ತು, ಹೊಲದಲ್ಲಿ ಹುಲ್ಲು ಎತ್ತುವ ಕೊಕ್ಕೆಯಂಥದು. ಆ ಕೊಕ್ಕೆಯನ್ನು ಅವನು ಮೂರು ವಾರ ರಸ್ತೆಯುದ್ದಕ್ಕೂ ನೋಡಿದ್ದ. ನಲವತ್ತು ಫಲಕಗಳ ಮೇಲೆ ಹೊಲ ಎಂಬರ್ಥದ ಫಾರ್ಮ್ ಎಂಬ ಮಾತಿನ ಎಫ್‌ಗೆ ಅದೇ ಕೊಕ್ಕೆ.

"ಏನಾದ್ರೂ ಗೊತ್ತಾಯ್ತಾ, ಟೀಗಾರ್ಡನ್ ಅವ್ರೇ?" ಎಂದು ಕೆಂಡ್ರಾ ಕೇಳಿದಳು.

"ಬೆಳಕು ಸಾಲದು ಇಲ್ಲಿ," ಎಂದು ಹೇಳಿ ಲಕೋಟೆಯನ್ನು ಅವಳ ಕಡೆಗೆ ಸರಿಸಿ ಅವನು ಎದ್ದ.

ಮಾರನೇ ದಿನ ಹೋಟೆಲಿಗೆ ಹೋಗಲಿಲ್ಲ. ಮಧ್ಯಾಹ್ನ ಗಾರ್ಲಂಡ್‌ನ ಹೊಲಮನೆಗೆ ಹೋದ. ಅವನು ಯಂತ್ರದ ಷೆಡ್ಡಿನಲ್ಲಿ ಹುಲ್ಲು ಕತ್ತರಿಸುವ ಅಲಗುಗಳನ್ನು ಮಸೆಯುತ್ತಿದ್ದ.

"ಮೇ ತಿಂಗಳಲ್ಲಿ ನಿಮ್ಮಮ್ಮ ವೋಟು ಹಾಕಿದ್ದಾಳಂತೆ," ಎಂದ ಮರ್ಲ್.

ಗಾರ್ಲಂಡ್ ತಲೆ ಎತ್ತಲಿಲ್ಲ. "ಹಾಕಿದ್ಳು."

"ಯಾರ ಕೈಯಲ್ಲಿ?"

ಗಾರ್ಲಂಡ್ ಮಸೆಯುವ ಚಕ್ರ ನಿಲ್ಲಿಸಿದ. ಅದು ಪೂರ್ತಿ ನಿಲ್ಲುವವರೆಗೆ ಇಬ್ಬರೂ ಅದನ್ನೇ ನೋಡುತ್ತಿದ್ದರು. ಆಮೇಲೆ ಗಾರ್ಲಂಡ್ ಏನೂ ಮುಚ್ಚಿಡದೆ ಹೇಳಿದ. ಅರ್ಜಿ ಮನೆಗೆ ಬಂತು, ತುಂಬಿದೆ. ಲಕೋಟೆ ಬಂತು, ಗುರುತು ಹಾಕಿ ಕಳಿಸಿದೆ. ಅದರಲ್ಲಿ ಅವನಿಗೆ ನಾಚಿಕೆಯಿದ್ದಂತೆ ಕಾಣಲಿಲ್ಲ.

"ಹುಟ್ಟಿದಾಗಿನಿಂದ ಅವಳು ಒಂದು ತೆರಿಗೆಗೂ ಹೂಂ ಅಂದೋಳಲ್ಲ. ತಲೆ ನೆಟ್ಟಗಿದ್ದಿದ್ರೆ ಏನು ಹಾಕ್ತಿದ್ಳೋ ಅದನ್ನೇ ನಾನು ಹಾಕ್ದೆ. ನಿಂಗೂ ಗೊತ್ತು ಅದು. ಮೋಸ ಎಲ್ಲಿ ಬಂತು ಇದ್ರಲ್ಲಿ?"

"ಹಾಕಿದ್ದು ಅವಳಲ್ಲ. ಅಲ್ಲೇ ಬಂತು."

"ಅದೂ ಸೋತ ವೋಟು ಮಾರಾಯ. ಸೋತಿದ್ದಕ್ಕೆ ಯಾರು ಲೆಕ್ಕ ಕೇಳ್ತಾರೆ?"

"ನಾನು ಕೇಳ್ದೆ. ಮೂವತ್ತೆಂಟು ಜನರನ್ನ ನಿಲ್ಲಿಸಿ ಕೇಳ್ದೆ. ಕ್ಲೀಟ್‌ನ ಚಿಕಾಗೋ ದಾರಿ ತಪ್ಪಿಸಿ ಕೇಳ್ದೆ."

ಗಾರ್ಲಂಡ್ ಅವನನ್ನು ದಿಟ್ಟಿಸಿ ನೋಡಿದ. ಮೊದಲ ಸಲ ಅವನ ದನಿಯಲ್ಲಿ ಬೇರೇನೋ ಬಂತು. "ಹಾಗಾದ್ರೆ ಏನ್ ಮಾಡ್ತೀಯ? ಆ ಮೂಗುಬೊಟ್ಟಿನ ಹುಡುಗಿ ಹತ್ರ ಹೋಗಿ ನನ್ನ ಹಿಡಿದು ಕೊಟ್ಟು ಬರ್ತೀಯಾ? ನಾಳೆ ಪೇಪರಿನಲ್ಲಿ ಏನು ಬರತ್ತೆ ಗೊತ್ತಾ? ನೋಡಿ, ಕಳ್ಳರು ಇವರೇ ಅಂತ ಬರತ್ತೆ. ನಿನ್ನ ಕೈಯಾರೆ ಅವರಿಗೆ ಕೋಲು ಕೊಟ್ಟ ಹಾಗಾಗತ್ತೆ."

ಅದು ನಿಜವೆಂದು ಮರ್ಲ್‌ಗೂ ಗೊತ್ತಿತ್ತು. ಮನೆಗೆ ಬಂದ.

ಐದು ದಿನ ಅವನು ಏನೂ ಮಾಡಲಿಲ್ಲ. ಗಟಾರಿನ ಎಲೆ ತೆಗೆದ, ಪಿಕಪ್ಪಿನ ಎಣ್ಣೆ ಬದಲಿಸಿದ, ಧ್ವಜದ ಕಂಬಕ್ಕೆ ಬಣ್ಣ ಬಳಿದ. ಆ ಐದು ದಿನಗಳಲ್ಲಿ ಅವನ ಅನುಮಾನ ಮೊದಲ ಬಾರಿಗೆ ಅವನ ಕಡೆಗೇ ತಿರುಗಿತು. ಆ ಕೊಕ್ಕೆ ಶಾಲಾ ಮಂಡಳಿಯವರೊಬ್ಬರದು ಆಗಿದ್ದರೆ, ದಾದಿಯೊಬ್ಬಳದು ಆಗಿದ್ದರೆ, ನಾನು ಬೆಳಕು ಸಾಲದೆಂದು ಹೇಳುತ್ತಿದ್ದೆನೇ? ಕೆಂಡ್ರಾಳ ಮೇಜಿನ ಮುಂದೆಯೇ ಕೂಗಾಡುತ್ತಿದ್ದೆ. ಶೆರಿಫ್ ಬರುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಇದನ್ನು ಎಷ್ಟು ಮಗ್ಗುಲು ತಿರುಗಿಸಿ ನೋಡಿದರೂ ಉತ್ತರ ಅದೇ.

ನಡೀನಳಿಗೆ ಹೇಳಿದ್ದು ಆರನೇ ದಿನ ಬೆಳಿಗ್ಗೆ. ಅವಳು ಹಿಂಬದಿಯ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಪೂರ್ತಿ ಕೇಳಿದಳು. ಓಪಲಳಿಗೆ ಈ ವಿಷಯ ತಿಳಿಯಬಾರದು ಎಂದಳು. ತಿಳಿಯಲು ಅವಳಿಗೆಲ್ಲಿ ಶಕ್ತಿ ಇದೆ ಎಂದು ತಾನೇ ಹೇಳಿಕೊಂಡಳು.

"ಗಾರ್ಲಂಡ್ ನನ್ನ ಮದುವೇಲಿ ಪಕ್ಕ ನಿಂತಿದ್ದೋನು," ಎಂದ ಮರ್ಲ್.

"ನಂಗೊತ್ತು. ನಾನೂ ಅಲ್ಲೇ ಇದ್ದೆ," ಎಂದಳು ನಡೀನ್. ಇನ್ನೊಂದಿಷ್ಟು ಬಟಾಣಿ ಸುಲಿದ ಮೇಲೆ, "ನೀನು ಹೋಗ್ತೀಯ. ಹೋಗದೆ ಇದ್ರೆ ಸಾಯೋವರೆಗೂ ಈ ಮೆಟ್ಟಿಲ ಮೇಲೆ ಕೂತು ನನ್ನ ತಲೆ ತಿಂತೀಯ. ಅಂಗಿ ಬದಲಾಯಿಸ್ಕೊಂಡು ಹೋಗು, ಬಣ್ಣ ಆಗಿದೆ," ಎಂದಳು.

ಕೆಂಡ್ರಾ ಅವನು ಹೇಳಿದ್ದನ್ನು ಬರೆದುಕೊಂಡಳು, ಓದಿ ಹೇಳಿದಳು, ಸಹಿ ಹಾಕಿಸಿಕೊಂಡಳು. ಇಷ್ಟು ದಿನ ಕಾದಿದ್ದನ್ನೂ ಬರೆಯಬೇಕು ಎಂದು ಮರ್ಲ್ ಹಟ ಹಿಡಿದ, ಬರೆದಳು. ಗೆದ್ದವಳಂತೆ ಅವಳ ಮುಖದಲ್ಲಿ ಏನಾದರೂ ಸುಳಿಯುತ್ತದೆಯೇ ಎಂದು ಅವನು ಕಾಯುತ್ತಿದ್ದ. ಏನೂ ಸುಳಿಯಲಿಲ್ಲ. ನೀರು ಬೇಕೇ ಎಂದಷ್ಟೇ ಕೇಳಿದಳು. ಅದನ್ನೂ ಅವನು ಮನಸ್ಸಿನಲ್ಲಿ ಬರೆದಿಟ್ಟುಕೊಂಡ, ಅವಳ ಪರವಾಗಿಯೋ ವಿರುದ್ಧವಾಗಿಯೋ ಎಂದು ಗೊತ್ತಾಗದೆ.

ಶೆರಿಫ್‌ನ ಕಡೆಯವರು ಗಾರ್ಲಂಡ್‌ನ ಮನೆಗೆ ಹೋದಾಗ ಅವನು ಒಪ್ಪಿಕೊಂಡ. ಮೊಕದ್ದಮೆ ದೊಡ್ಡದಾಗಬಹುದಿತ್ತು. ವಯಸ್ಸು ನೋಡಿ, ಹಿಂದೆ ಏನೂ ಇಲ್ಲದ್ದು ನೋಡಿ, ನ್ಯಾಯಾಧೀಶರು ದಂಡ ಹಾಕಿ, ಒಂದು ವರ್ಷ ನಿಗಾ ಇಟ್ಟು, ಊರಿನ ಸ್ಮಶಾನದ ಹುಲ್ಲು ಕತ್ತರಿಸುವ ಕೆಲಸ ಕೊಟ್ಟು ಬಿಟ್ಟರು. ಹನ್ನೊಂದರ ಅಂತರ ಹನ್ನೆರಡೆಂದೇ ಲೆಕ್ಕವಾಯಿತು, ತೆಗೆದದ್ದು ಬೇಡ ಎಂಬ ಮತವನ್ನಲ್ಲವೇ. ತೆರಿಗೆ ಹಾಗೇ ಉಳಿಯಿತು. ಆಗಸ್ಟಿನಲ್ಲಿ ಕಟ್ಟಡಕ್ಕೆ ಗುದ್ದಲಿ ಬಿತ್ತು.

ಲೂಯೆಲ್ಲಾಳ ಹೋಟೆಲಿನ ಮೇಜು ಒಡೆಯಿತು. ಗಾರ್ಲಂಡ್ ಹೆದ್ದಾರಿಯ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಕಾಫಿ ಕುಡಿಯತೊಡಗಿದ, ಇಬ್ಬರು ಅವನ ಜೊತೆ ಹೋದರು. ಉಳಿದವರು ಮರ್ಲ್‌ನ ಎದುರು ಹವಾಮಾನದ ಮಾತಾಡಿದರು. ಯಾರೋ ಅವನ ಟಪಾಲು ಡಬ್ಬಿಯೊಳಗೆ ಗ್ರೀಸು ಬಳಿದು ಹೋದರು. ಮೂವತ್ತಮೂರು ವರ್ಷ ಟಪಾಲು ಹಾಕಿದವನಿಗೆ ಇದಕ್ಕಿಂತ ಹೆಚ್ಚು ನೋಯಿಸುವುದು ಬೇರೆ ಯಾವುದೂ ಇರಲಿಲ್ಲ, ಮಾಡಿದವರಿಗೆ ಅದು ತಿಳಿದಿತ್ತು. ಅವನು ಸೀಮೆಎಣ್ಣೆ ಹಾಕಿ ಒರೆಸಿದ. ಯಾರಿರಬಹುದು ಎಂದು ಆ ರಸ್ತೆಯಲ್ಲಿ ಹಾದುಹೋಗುವ ಒಬ್ಬೊಬ್ಬರ ಉಗುರು ನೋಡುತ್ತಿದ್ದ.

ಇನ್ನೂ ಕೆಟ್ಟದ್ದೆಂದರೆ ಹೊಗಳುವವರು ಬಂದದ್ದು. ನಗರದ ಪತ್ರಿಕೆಯೊಂದರಿಂದ ಕ್ಯಾಮೆರಾ ಹಿಡಿದು ಒಬ್ಬ ತರುಣ ಬಂದು, ಸತ್ಯ ತಿಳಿದ ಮೇಲೆ ನಿಮ್ಮ ಪಕ್ಷದ ಬಗ್ಗೆ ಅಭಿಪ್ರಾಯ ಬದಲಾಯಿತೇ ಎಂದು ಕೇಳಿದ. ಮರ್ಲ್ ಜಗಲಿಯಿಂದ ಇಳಿಯಲೇ ಇಲ್ಲ.

"ಕಳ್ಳತನ ಆಗತ್ತೆ ಅಂತ ನಾನು ಮೊದ್ಲಿಂದ ಹೇಳ್ತಿದ್ದೆ. ಆಗಿತ್ತು. ನಾನು ಹೇಳಿದ್ದೇ ಸರಿ ಆಯ್ತಲ್ಲ, ಬದಲಾಗೋದು ಏನು? ಹೋಗಪ್ಪ, ನಿನ್ನ ಕಾರು ನನ್ನ ಹುಲ್ಲಿನ ಮೇಲಿದೆ."

ಆ ಪತ್ರಿಕೆ ಅದನ್ನು ಅಚ್ಚು ಹಾಕಲಿಲ್ಲ.

ಸೆಪ್ಟೆಂಬರಿನಲ್ಲಿ ಅವನು ಮತಗಟ್ಟೆಯ ಕೆಲಸಕ್ಕೆ ಅರ್ಜಿ ಹಾಕಿದ. ಕಣ್ಣಿಡುವುದಾದರೆ ಒಳಗೆ ಕೂತೇ ಇಡಬೇಕು ಎಂಬುದು ಅವನ ವಾದ. ನವೆಂಬರಿನ ಮತದಾನದ ದಿನ ಮೆಥಡಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ ಮಡಚುವ ಮೇಜಿನ ಹಿಂದೆ ಕೂತ. ಪಕ್ಕದಲ್ಲಿ ಎದುರು ಪಕ್ಷದಿಂದ ಬಂದ ಹ್ಯಾರಿಯೆಟ್ ಸ್ಟೌಟ್, ಹಿಂದೆ ಲೆಕ್ಕ ಕಲಿಸುತ್ತಿದ್ದ ಮೇಡಮ್ಮು, ಶಾಲಾ ತೆರಿಗೆಗೆ ಹೌದು ಎಂದು ಮನೆ ಮನೆ ಸುತ್ತಿದವಳು. ಇಬ್ಬರೂ ಬೆಳಿಗ್ಗೆಯಿಂದ ಒಬ್ಬರ ಕೈಯನ್ನು ಒಬ್ಬರು ನೋಡುತ್ತ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವಳು ತಂದ ಹ್ಯಾಮ್ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ಕೊಟ್ಟಳು. ಅವನು ಬ್ರೆಡ್ಡು ಬಿಡಿಸಿ ಒಳಗೆ ನೋಡಿಯೇ ತಿಂದ.

ಮೂರು ಗಂಟೆಗೆ ಸಾಲಿನಲ್ಲಿ ಗಾರ್ಲಂಡ್ ಬಂದ. ಸಣ್ಣಗಾಗಿದ್ದ. ಅವನು ಹ್ಯಾರಿಯೆಟ್‌ಳ ಮುಂದೆ ನಿಲ್ಲಬಹುದಿತ್ತು, ಆದರೆ ಖಾಲಿಯಾದದ್ದು ಮರ್ಲ್‌ನ ಮುಂದಿನ ಜಾಗ.

"ಗುರುತಿನ ಚೀಟಿ," ಎಂದ ಮರ್ಲ್.

"ನಾನು ಯಾರು ಅಂತ ಗೊತ್ತಿಲ್ವಾ ನಿಂಗೆ?" ಎಂದ ಗಾರ್ಲಂಡ್. ಜೋರಾಗೇನೂ ಅಲ್ಲ.

"ಗೊತ್ತು. ಎಲ್ಲರ ಹತ್ರಾನೂ ಕೇಳ್ತಿದ್ದೀನಿ. ಬೆಳಿಗ್ಗೆ ನಡೀನ್ ಹತ್ರಾನೂ ಕೇಳ್ದೆ."

ಗಾರ್ಲಂಡ್ ಪರ್ಸು ತೆಗೆಯಲು ಬಹಳ ಹೊತ್ತು ಮಾಡಿದ. ಮರ್ಲ್ ಚಿತ್ರ ನೋಡಿದ, ಮುಖ ನೋಡಿದ, ವಿಳಾಸವನ್ನು ಪುಸ್ತಕದ ಜೊತೆ ಹೋಲಿಸಿದ. ಕಟ್ಟಿನಿಂದ ಮತಪತ್ರ ಹರಿದು ಕೊಟ್ಟ. ಗಾರ್ಲಂಡ್ ಅದನ್ನು ತೆಗೆದುಕೊಂಡು ಪರದೆಯ ಹಿಂದೆ ಹೋದ, ಮತ ಹಾಕಿದ, ಇನ್ನೊಂದು ಬಾಗಿಲಿನಿಂದ ಹೊರಟುಹೋದ. ಆಮೇಲೆ ಬಂದ ಹತ್ತು ಜನರ ಹೆಸರು ಹುಡುಕುವಾಗ ಮರ್ಲ್‌ನ ಬೆರಳು ಸಾಲು ತಪ್ಪುತ್ತಿತ್ತು. ಹ್ಯಾರಿಯೆಟ್ ಅಳತೆಪಟ್ಟಿಯೊಂದನ್ನು ಪುಸ್ತಕದ ಮೇಲೆ ಇಟ್ಟು ಸರಿಸಿದಳು.

ಫೆಬ್ರವರಿಯಲ್ಲಿ ಓಪಲ್ ಫ್ರೇಲಿ ತೀರಿಕೊಂಡಳು. ಹೋಗಬೇಕೋ ಬೇಡವೋ ಎಂದು ಮರ್ಲ್ ಎರಡು ದಿನ ಯೋಚಿಸಿದ. ಮೂರನೇ ದಿನ ಬೆಳಿಗ್ಗೆ ಗಾರ್ಲಂಡ್‌ನ ಹೆಂಡತಿ ನಡೀನಳಿಗೆ ಫೋನು ಮಾಡಿ, ಪೆಟ್ಟಿಗೆ ಹೊರಲು ಒಬ್ಬ ಆಳು ಕಡಿಮೆ ಬಿದ್ದಿದ್ದಾನೆ ಎಂದಳು. ಅದು ಅವಳದೇ ಮಾತೋ, ಗಾರ್ಲಂಡ್ ಹೇಳಿಸಿದ್ದೋ ಎಂದು ಮರ್ಲ್ ಮೂರು ಸಲ ಕೇಳಿದ. ಅದನ್ನು ನಾನು ಕೇಳಲಿಲ್ಲ, ಕೋಟು ಹಾಕಿಕೋ ಎಂದಳು ನಡೀನ್.

ಸ್ಮಶಾನದ ದಿಬ್ಬದ ಮೇಲೆ ಹಿಮ ಗಟ್ಟಿಯಾಗಿ ಗಾಜಿನ ಹಾಗೆ ಹೊಳೆಯುತ್ತಿತ್ತು. ಆರು ಜನ ಪೆಟ್ಟಿಗೆಯನ್ನು ಸಣ್ಣ ಹೆಜ್ಜೆಗಳಲ್ಲಿ ಹೊತ್ತು ನಡೆದರು. ಮರ್ಲ್ ಎಡಗಡೆ ಹಿಂದೆ, ಗಾರ್ಲಂಡ್ ಅವನ ಮುಂದೆ. ಓಪಲ್ ಹಗುರವಾಗಿದ್ದಳು. ಕೊನೆಯ ಏರಿನಲ್ಲಿ ಗಾರ್ಲಂಡ್ ತಲೆ ತಿರುಗಿಸದೆ, "ಅಲ್ಲಿ ಜಾರತ್ತೆ, ನೋಡ್ಕೊಂಡು ಬಾ," ಎಂದ. ಎಂಟು ತಿಂಗಳಲ್ಲಿ ಮತಗಟ್ಟೆಯ ಮಾತು ಬಿಟ್ಟರೆ ಅವನು ಆಡಿದ್ದು ಇಷ್ಟೇ. ಆಮೇಲೆ ಚರ್ಚಿನಲ್ಲಿ ಊಟಕ್ಕೆ ಕೂತಾಗ ಇಬ್ಬರೂ ಬೇರೆ ಬೇರೆ ಮೇಜುಗಳಲ್ಲಿದ್ದರು.

ಮನೆಗೆ ಹಿಂದಿರುಗುವಾಗ ಮರ್ಲ್ ಐದು ಮೈಲಿ ಗಾಡಿ ಓಡಿಸಿದ. ಆಮೇಲೆ ಗಾಡಿಯ ವೇಗ ಇಳಿಸಿ ಹೆಂಡತಿಯನ್ನು ಕೇಳಿದ: "ನೋಡ್ಕೊಂಡು ಬಾ ಅಂದ್ನಲ್ಲ, ಅದ್ರಲ್ಲಿ ಏನಿತ್ತು ಅಂತೀಯ?"

"ಐಸ್ ಇತ್ತು," ಎಂದಳು ನಡೀನ್, ಕೈಗವಸು ಕಳಚುತ್ತ.